ಹೆಸರು ಕೊರೆಯುವವನ ಲೆಕ್ಕ

ಗಂಗಾವತಿಯ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ,
ಕೈಯಲ್ಲಿ ಕರೆಂಟಿನ ಸೂಜಿ.
ಅಕ್ಕಿ ಮಿಲ್ಲಿನ ಹೊಟ್ಟು ಗಾಳಿ ಹಿಡಿದು ಬಂದು
ಕೊಡದ ಕಂಠಕ್ಕೆ ಕೂರುತ್ತದೆ.
ಊದಿ, ಒರೆಸಿ, ಕೊರೆಯುತ್ತೇನೆ:
ಇಂಥವರಿಂದ ಇಂಥವರಿಗೆ, ಇಂಥ ತಾರೀಖು.
ಅಕ್ಷರಕ್ಕೆ ಇಷ್ಟು ಅಂತ ಕೂಲಿ.
ಒತ್ತಕ್ಷರ ಪುಕ್ಕಟೆ.

ಲಗ್ನದ ದಿನ ಮುಗಿದ ಮರುವಾರ
ಅವೇ ಕೊಡಗಳು ಚೀಲದಲ್ಲಿ ಸದ್ದು ಮಾಡುತ್ತ ತಿರುಗಿ ಬರುತ್ತಿದ್ದವು.
"ಹದಿನಾಲ್ಕು ಬಂದಾವ್ರೀ, ಎಲ್ಲಾ ಕೊಡಾನ.
ನಳ ಬರೋದು ಎಂಟು ದಿನಕ್ಕೊಮ್ಮೆ."
ಹೆಸರು ಕೊರೆದ ಮಾಲು ವಾಪಸು ಪಡೆಯುವುದಿಲ್ಲ
ಎಂಬ ಬೋರ್ಡು ತೋರಿಸುತ್ತಿದ್ದೆ.
ಅದನ್ನು ಬರೆದವನೂ ನಾನೇ.

ಪಂಪಣ್ಣ ಸಾಹುಕಾರರ ಮಗಳು ತ್ರಿವೇಣಿ
ಬಿ.ಕಾಂ. ಮುಗಿಸಿ ಗಲ್ಲಾಕ್ಕೆ ಕೂತ ವರ್ಷ ಅಂದಳು:
"ಗಿಫ್ಟ್ ಕಾರ್ಡ್ ಮಾಡಸೋಣಪ್ಪ,
ಬೇಕಾದ್ದು ಅವರ ಆರಿಸ್ಕೊಳ್ಳಲಿ."
"ಕಾಗದ ಕೊಟ್ರ ಆಯೇರಿ ಅಂತಾರೇನು?
ಮಂಟಪದಾಗ ಮೈಕ್ ಹಿಡದಾಂವ ಏನಂತ ಕೂಗಬೇಕು?"
ಆಗ ಅವಳ ಕಣ್ಣು ನನ್ನ ಸೂಜಿಯ ಮೇಲೆ ಬಿತ್ತು.

ವೀಳ್ಯದೆಲೆಯಷ್ಟು ಸ್ಟೀಲಿನ ತಗಡು,
ಕೈ ಕೊಯ್ಯದ ಹಾಗೆ ಅಂಚು ಮಡಚಿದ್ದು.
ಒಂದು ಮೈಗೆ ಐನೂರು, ಸಾವಿರ, ಎರಡು ಸಾವಿರ;
ಇನ್ನೊಂದು ಮೈ ನನ್ನದು.
ಮಿಲ್ಲಿನ ಹಮಾಲರು ಹನ್ನೊಂದು ಜನ ಪಟ್ಟಿ ಹಾಕಿ
ಒಂದೇ ತಗಡಿಗೆ ಹನ್ನೊಂದು ಹೆಸರು ಹಿಡಿಸು ಅಂದರು.
ಮರುದಿನವೇ ಕನ್ನಡಕ ಬದಲಿಸಿದೆ.

ತ್ರಿವೇಣಿ ಸುಮ್ಮನೆ ಕೂರುವವಳಲ್ಲ.
ಹತ್ತು ತಗಡು ಕೂಡಿಸಿ ತಂದವರಿಗೆ ಗ್ರೈಂಡರು.
ಹಳೆ ತಾಮ್ರ ತೂಕಕ್ಕೆ ಹಾಕಿದವರಿಗೆ ರೊಕ್ಕದ ಬದಲು ತಗಡು.
ಆಷಾಢದಲ್ಲಿ ತಂದರೆ ನೂರಕ್ಕೆ ಹತ್ತು ಹೆಚ್ಚು,
ನೊಣ ಕೂಡ ಬಾರದ ತಿಂಗಳು ಅದು ನಮಗೆ.
ಕಾರಟಗಿಯಿಂದ ಬಂದರು, ಕನಕಗಿರಿಯಿಂದ ಬಂದರು,
ಮೆಟ್ಟಿಲ ಮೇಲೆ ನನಗೇ ಜಾಗ ಉಳಿಯಲಿಲ್ಲ.

ದೀಪಾವಳಿಗೆ ಖಾತೆ ತೆಗೆದರೆ
ಕೊಟ್ಟದ್ದು ಆರುನೂರ ಹನ್ನೆರಡು,
ತಿರುಗಿ ಬಂದದ್ದು ನಾನೂರ ಐದು.
"ರೊಕ್ಕ ಬಂದೈತಿ, ಮಾಲು ಹೋಗಿಲ್ಲ. ಲಾಭ!"
ಎಂದ ಲೆಕ್ಕದ ಹುಡುಗ.
ಸಾಹುಕಾರರು ಚಹದ ಬಸಿ ಕೆಳಗಿಟ್ಟರು.
"ಇನ್ನೂರ ಏಳು ಮನಿಗೆ ನಾವು ಬಾಕಿ ಅದೀವಿ.
ಬಾಕೀನ ಲಾಭ ಅಂತ ಯಾವ ಸಾಲ್ಯಾಗ ಕಲಿಸ್ಯಾರ?
ಹುಸೇನಪ್ಪ, ಹೋಗಿ ನೋಡ್ಕೊಂಡು ಬಾ."

ಎಲ್ಲ ಹೆಸರೂ ನನ್ನ ಬೆರಳಿಗೆ ಗೊತ್ತು. ಹೋದೆ.
ಒಂದು ಮನೆಯಲ್ಲಿ ತಗಡು ಹಾಲಿನ ಲೋಟಕ್ಕೆ ಮುಚ್ಚಳ.
ಒಂದರಲ್ಲಿ ತೊಟ್ಟಿಲ ಮೇಲೆ ತಿರುಗುತ್ತಿತ್ತು, ಬಿಸಿಲು ಚೆಲ್ಲುತ್ತ.
ಒಬ್ಬಾಕೆಗೆ ಅದು ಕನ್ನಡಿ:
"ಕುಂಕುಮಕ್ಕ ಇಷ್ಟ ಸಾಕು ಬಿಡ್ರಿ."

ಮಸೀದಿ ಓಣಿಯ ಖಾಸಿಂಬಿ
ಹನ್ನೊಂದು ಹೆಸರಿನದನ್ನು ಸೆರಗಿನಿಂದ ಒರೆಸಿ ತೋರಿಸಿದಳು.
ಗಂಡನ ಗ್ಯಾಂಗಿನವರದು.
"ದೊಡ್ಡ ಕುಕ್ಕರ್ ಬರ್ತದವ್ವಾ ಇದಕ್ಕ."
"ತಂದ್ರ ಇದನ್ನ ನೀವು ಇಟ್ಕೊಂತೀರಿ, ಹೌದಿಲ್ಲೊ?"
"ಹೌದು."
"ಕುಕ್ಕರ್ ಮ್ಯಾಲ ಇಷ್ಟೂ ಮಂದಿನ ಹಿಡಸ್ತಿಯೇನು?"
ಹಿಡಿಸ್ತೀನಿ ಎಂದು ಬಾಯಿಗೆ ಬಂತು.
ಕುಕ್ಕರಿನ ಮೈ ದುಂಡು, ಅಲ್ಯೂಮಿನಿಯಂ ಮೆತ್ತಗೆ,
ಸೂಜಿ ಜಾರುತ್ತದೆ.
ಸುಮ್ಮನೆ ನೀರು ಕುಡಿದು ಎದ್ದೆ.

ಬೋರ್ಡಿಗೆ ಹೊಸ ಸಾಲು ಬರೆದಿದ್ದೇನೆ:
ತಗಡು ತೋರಿಸಿ ಪಾತ್ರೆ ಒಯ್ಯಿರಿ.
ತೂತು ಹಾಕಿ ತಗಡನ್ನು ನಿಮಗೇ ಮರಳಿಸಲಾಗುವುದು.
ತೂತಿನ ಕೂಲಿ ಎಷ್ಟು ಅಂತ ಕೇಳಿದ್ದಕ್ಕೆ
ತ್ರಿವೇಣಿ ತಲೆ ಎತ್ತದೆ ಅಂದಳು:
"ಒತ್ತಕ್ಷರದ ಲೆಕ್ಕದಾಗ ಹಾಕ್ಕೋ."

ಈಗ ಬಾಕಿ ಮೂವತ್ತೊಂದು.
ಖಾಸಿಂಬಿ ಇನ್ನೂ ಬಂದಿಲ್ಲ.
ಅವಳ ಕುಕ್ಕರನ್ನು ಮೇಲಿನ ಹಲಗೆಯಲ್ಲಿ ತೆಗೆದಿಟ್ಟಿದ್ದೇವೆ;
ವಾರಕ್ಕೊಮ್ಮೆ ಸ್ಟೂಲು ಹತ್ತಿ
ಹೊಟ್ಟು ಒರೆಸುತ್ತೇನೆ.